ಬಾಯಿಪಾಠ ಒಪ್ಪಿಸೋದಷ್ಟೇನಾ?

ನಮಸ್ಕಾರ. ಹೋದ ತಿಂಗಳ ರೇಡಿಯೋ ವಿಶೇಷಾಂಕದಲ್ಲಿ ಕುರಾನ್ ಓದೋದ್ರಲ್ಲಿ ಹೆಸರಾದ ಕೈರೋದ ಶೇಖ್ ಮುಹಮ್ಮದ್ ರಿಫಾತ್ ಅವರನ್ನ ಗಾಯಕರ ಸಾಲಲ್ಲಿ ಸೇರಿಸಿದ್ದು ನಿಮಗೆ ಸರಿ ಕಾಣ್ಲಿಲ್ಲ, "ಕುರಾನ್ ಬಾಯಿಪಾಠ ಇರೋರು ಎಷ್ಟೋ ಜನ, ಒಪ್ಪಿಸೋದ್ರಲ್ಲಿ ಕಲೆ ಏನು ಬಂತು" ಅಂತ ಕೇಳಿದೀರಿ. ಇದಕ್ಕೆ ಸ್ವಲ್ಪ ಉದ್ದಕ್ಕೇ ಬರೀಬೇಕು.

ಖಾರಿಗೆ, ಅಂದ್ರೆ ಕುರಾನನ್ನ ದನಿ ಎತ್ತಿ ಓದೋರಿಗೆ, ಬಾಯಿಪಾಠ ಅನ್ನೋದು ಬರೀ ಶುರು. ಯಾವ ಅಕ್ಷರ ಗಂಟಲಿಂದ ಬರಬೇಕು, ಯಾವುದು ನಾಲಿಗೆ ತುದಿಯಿಂದ, ಎಲ್ಲಿ ಎಷ್ಟು ಎಳೀಬೇಕು, ಎಲ್ಲದಕ್ಕೂ ತಜ್ವೀದ್ ಅಂತ ಕಟ್ಟುನಿಟ್ಟಿದೆ. ನಿಲ್ಲಿಸೋದಕ್ಕೂ ಇದೆ. ಕುರಾನಿನ ನಾಲ್ಕನೇ ಸೂರಾದ (ಅಧ್ಯಾಯದ) ಒಂದು ಆಯತ್‌ನಲ್ಲಿ (ವಚನದಲ್ಲಿ) "ನಮಾಜಿನ ಹತ್ರ ಹೋಗಬೇಡಿ" ಅಂತ ಬಂದು ಆಮೇಲೆ "ಅಮಲಲ್ಲಿದ್ದಾಗ" ಅನ್ನೋದು ಬರುತ್ತೆ, ಮೊದಲ ತುಂಡಿಗೇ ನಿಂತುಬಿಟ್ರೆ ಅರ್ಥವೇ ಉಲ್ಟಾ. ಉಸಿರು ಸಾಲದೆ ನಿಂತ್ರೆ ಒಂದೆರಡು ಪದ ಹಿಂದಕ್ಕೆ ಹೋಗಿ ಮತ್ತೆ ಎತ್ತಿಕೊಳ್ಳಬೇಕು. ಇನ್ನು ಬಯಾತಿ, ರಾಸ್ತ್, ಹಿಜಾಜ್, ಸಬಾ ಅಂತ ಮಕಾಮ್‌ಗಳು, ನಮ್ಮ ರಾಗಗಳ ಥರಾನೇ, ಆದ್ರೆ ತಂಬೂರಿ ಇಲ್ಲ, ತಾಳ ಇಲ್ಲ, ಟ್ಯೂನ್ ಕಟ್ಟಿಟ್ಕೊಂಡು ಬರೋ ಹಾಗೂ ಇಲ್ಲ, ಮಾತು ಒಂದಕ್ಷರ ಆಚೀಚೆ ಆಗಕೂಡದು, ಸಂಚಾರ ಮಾತ್ರ ಆ ಹೊತ್ತಿಗೇ ಹುಟ್ಟಬೇಕು. ಇಷ್ಟು ಕಷ್ಟದ ಗಂಟಲಿನ ಕೆಲಸ ನನಗಂತೂ ಬೇರೆ ಕಾಣಲ್ಲ.

ರಿಫಾತ್ 1882ರಲ್ಲಿ ಹುಟ್ಟಿದೋರು, ಎಳೇ ವಯಸ್ಸಲ್ಲೇ ಕಣ್ಣು ಹೋಯ್ತು, ವರ್ಷಗಟ್ಟಲೆ ಕೈರೋದ ಒಂದು ಮಸೀದಿಯಲ್ಲೇ ಕುರಾನ್ ಓದ್ತಿದ್ರು. 1934ರ ಮೇ 31ಕ್ಕೆ ಈಜಿಪ್ಟ್‌ನ ಸರ್ಕಾರಿ ರೇಡಿಯೋ ಶುರುವಾಗಿದ್ದು ಅವರ ದನಿಯಿಂದ, ಅಲ್-ಫತ್ಹ್ ಸೂರಾ. ಕರೆದ ಕೂಡ್ಲೇ ಹೋಗಿರಲಿಲ್ಲ. ಕಾಫಿ ಅಂಗಡೀಲಿ ಹರಟೆ ಹೊಡೀತಾ ಜನ ಇದನ್ನ ಕೇಳಿದ್ರೆ ಕುರಾನ್‌ಗೆ ಅಗೌರವ ಅಲ್ವಾ ಅನ್ನೋ ಅಳುಕು, ಕೈರೋದ ದೊಡ್ಡ ಧಾರ್ಮಿಕ ವಿದ್ಯಾಕೇಂದ್ರ ಅಲ್-ಅಜರ್‌ನ ಹಿರಿಯರು ಒಪ್ಪಿದ ಮೇಲೇನೇ ಮೈಕ್ ಮುಂದೆ ಕೂತಿದ್ದು.

ನನಗೆ ಸಂಕಟ ಆಗೋದು ಮುಂದಿನ ಕಥೆಗೆ. ಓದಿದ್ದೆಲ್ಲ ಲೈವ್, ಗಾಳೀಲಿ ಹೋಗಿದ್ದು ಹೋಯ್ತು. 1940ರ ದಶಕದಲ್ಲಿ ಬಿಡದ ಬಿಕ್ಕಳಿಕೆ ಶುರುವಾಗಿ, ಗಂಟಲೇ ಕೈಕೊಟ್ಟು ಓದೋದು ನಿಂತ್ಹೋಯ್ತು, ಜನ ಚಂದಾ ಎತ್ತಿದಾಗ ಅದನ್ನೂ ತಗೊಳ್ಳಲಿಲ್ಲ, 1950ರಲ್ಲಿ ತೀರಿಕೊಂಡ್ರು. ಈಗ ನಾವು ಕೇಳೋದ್ರಲ್ಲಿ ಹೆಚ್ಚಿನದು ಜಕರಿಯಾ ಮೆಹ್ರಾನ್ ಪಾಷಾ ಥರದ ಅಭಿಮಾನಿಗಳು ಮನೇಲಿ ರೇಡಿಯೋದಿಂದ ಹಿಡಿದಿಟ್ಟಿದ್ದು. ಅದಕ್ಕೇ ಅಷ್ಟು ಗರಗರ.

ಮುಂದಿನ ತಲೆಮಾರಿನ ಖಾರಿ ಮಹಮೂದ್ ಖಲೀಲ್ ಅಲ್-ಹುಸರಿಗೆ ಹಾಗಾಗಲಿಲ್ಲ. 1961ರಲ್ಲಿ ಇಡೀ ಕುರಾನ್ ಅವರ ದನಿಯಲ್ಲಿ ರೆಕಾರ್ಡ್ ಆಯ್ತು, 1964ರಲ್ಲಿ ಕೈರೋದಲ್ಲಿ ಕುರಾನ್‌ಗೇ ಅಂತ ಸ್ಟೇಷನ್ ಬಂದಾಗ ಅದೇ ಓಡ್ತಿತ್ತು. ಅವರದು ನಿಧಾನ, ಸ್ಪಷ್ಟ, ಪಾಠ ಹೇಳಿಕೊಡೋ ರೀತಿ.

ನೀವು ಮೊದಲು ಹುಸರಿ ಕೇಳಿ, ಅಕ್ಷರ ಹೇಗೆ ಕೂರುತ್ತೆ ಅಂತ ಗೊತ್ತಾಗುತ್ತೆ. ಆಮೇಲೆ ರಿಫಾತ್. ಗರಗರ ಸಹಿಸ್ಕೊಂಡು, ಎಲ್ಲಿ ಉಸಿರು ತಗೋತಾರೆ, ಅದೇ ಸಾಲನ್ನ ಎರಡನೇ ಸಲ ಹೇಗೆ ಬೇರೆ ಥರ ಎತ್ತುತಾರೆ ನೋಡಿ. ಆಮೇಲೂ ಗಾಯಕರ ಸಾಲಲ್ಲಿ ಬೇಡ ಅನ್ನಿಸಿದ್ರೆ ಮತ್ತೆ ಬರೀರಿ, ಹಾಕ್ತೀನಿ.

– ಸಂ.