‘ಸರ್, ಇದು ತಪ್ಪು’ ಎಂದಾಗ ಧ್ಯಾನ ಎಲ್ಲಿ ಹೋಗುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ನಾಲ್ಕು ಜನರ ಮೇಲೆ ಅಧಿಕಾರ ಇಟ್ಟುಕೊಂಡೂ ಅಹಂಕಾರ ಬಿಡುವುದು ಹೇಗೆ? ನಾನು ಸ್ಟಾಫ್ ನರ್ಸ್ ಆಗಿ ಸೇರಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ನೈಟ್ ಡ್ಯೂಟಿ ಮುಗಿಸಿ ಬಂದು ಕೂರುತ್ತಿದ್ದ ಧ್ಯಾನ ಈಗಲೂ ನಡೆದಿದೆ. ವಾರ್ಡು ಮತ್ತು ಧ್ಯಾನ, ಎರಡೂ ಕಡೆ ಕಂಡದ್ದನ್ನು ಇಟ್ಟುಕೊಂಡೇ ಉತ್ತರಿಸುತ್ತೇನೆ. ಪತ್ರ ಬರೆದವರು ಕೇಳಿಕೊಂಡಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಲವತ್ತು ಜನರ ತಂಡಕ್ಕೆ ಮುಖ್ಯಸ್ಥನಾಗಿದ್ದೇನೆ. ಕೆಲವು ವರ್ಷಗಳಿಂದ ದಿನವೂ ಬೆಳಿಗ್ಗೆ ಧ್ಯಾನ ಮಾಡುತ್ತೇನೆ. ಕೂತಾಗ ಮನಸ್ಸು ತಿಳಿಯಾಗಿರುತ್ತದೆ. ಆದರೆ ಮೀಟಿಂಗಿನಲ್ಲಿ ಒಬ್ಬ ಹೊಸ ಹುಡುಗ ‘ಸರ್, ಇದು ತಪ್ಪು’ ಎಂದರೆ ಸಾಕು, ಮೈ ಉರಿಯುತ್ತದೆ. ಇನ್ನೊಂದು ಸಂಗತಿ: ಧ್ಯಾನ ಮಾಡದವರನ್ನು ಕಂಡರೆ ಒಳಗೊಳಗೇ ಕನಿಕರ ಮೂಡುತ್ತದೆ. ನನ್ನ ಅಭ್ಯಾಸದಲ್ಲೇ ಏನಾದರೂ ದೋಷವಿದೆಯೇ, ಮೇಡಂ?

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಆ ಎರಡನೆಯ ಸಂಗತಿ. ಮೈ ಉರಿಯುವುದು ಕಣ್ಣಿಗೆ ಕಾಣುವಂಥದ್ದು, ಹೇಗಾದರೂ ಹಿಡಿಯಬಹುದು. ಕನಿಕರದ ವೇಷ ಹಾಕಿಕೊಂಡು ಬರುವ ಹಮ್ಮನ್ನು ಹಿಡಿಯುವುದು ಕಷ್ಟ. ನೀವು ಅದನ್ನು ಗುರುತಿಸಿ ಬರೆದಿದ್ದೀರಿ ಎಂದರೆ ಅಭ್ಯಾಸ ಸರಿಯಾಗಿಯೇ ನಡೆದಿದೆ ಎಂದು ನನ್ನ ಭಾವನೆ.

ಈ ಅನುಭವ ನಿಮ್ಮೊಬ್ಬರದಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞರ ಒಂದು ತಂಡ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಯೋಗ ಕಲಿಯುತ್ತಿದ್ದ 93 ಜನರನ್ನು 15 ವಾರ ಗಮನಿಸಿದರು. ಯೋಗ ಮುಗಿಸಿದ ಕೂಡಲೇ ಕೇಳಿದಾಗ, ಯೋಗ ಮಾಡದ ಹೊತ್ತಿಗಿಂತ ಹೆಚ್ಚಾಗಿ ‘ನಾನು ಉಳಿದವರಿಗಿಂತ ಉತ್ತಮ’ ಎಂಬ ಭಾವ ಅವರಲ್ಲಿ ಕಂಡುಬಂತು. ಮೈತ್ರಿ ಧ್ಯಾನ ಮಾಡುವ 162 ಜನರನ್ನು ಗಮನಿಸಿದಾಗಲೂ ಅದೇ ಬಗೆಯ ಫಲಿತಾಂಶ. ಎಲ್ಲ ಜೀವಗಳಿಗೂ ಒಳಿತಾಗಲಿ ಎಂದು ಹಾರೈಸಿ ಕಣ್ಣು ತೆರೆದವರ ವಿಷಯ ಇದು! ಯಾವುದನ್ನು ಚೆನ್ನಾಗಿ ಮಾಡುತ್ತೇವೋ ಅದು ನಮ್ಮ ಹೆಮ್ಮೆಯ ಭಾಗವಾಗುತ್ತದೆ. ಹಾಡು, ವ್ಯವಹಾರ, ಧ್ಯಾನ, ಯಾವುದಾದರೂ ಅಷ್ಟೇ.

ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೌದ್ಧರು ಬಿಡುಗಡೆಗೆ ಅಡ್ಡ ಬರುವ ಹತ್ತು ಸಂಕೋಲೆಗಳನ್ನು ಹೇಳುತ್ತಾರೆ. ‘ಈ ದೇಹ ಮನಸ್ಸುಗಳೇ ನಾನು’ ಎಂಬ ನಂಬಿಕೆ ಮೊದಲ ಹಂತದಲ್ಲೇ ಕಳಚುತ್ತದಂತೆ. ಆದರೆ ಮಾನ, ಎಂದರೆ ಇನ್ನೊಬ್ಬರ ಪಕ್ಕದಲ್ಲಿಟ್ಟು ತನ್ನನ್ನು ಅಳೆದುಕೊಳ್ಳುವ ಚಟ, ಅರ್ಹಂತ, ಎಂದರೆ ಪೂರ್ತಿ ಬಿಡುಗಡೆ ಪಡೆದವನು, ಆಗುವವರೆಗೂ ಹೋಗುವುದಿಲ್ಲ. ಅದರಲ್ಲೂ ಮೂರು ಬಗೆ: ನಾನು ಹೆಚ್ಚು, ನಾನು ಸಮ, ನಾನು ಕಡಿಮೆ. ಮೂರನೆಯದನ್ನೂ ಅವರು ಇದೇ ಸಾಲಿಗೆ ಸೇರಿಸಿದ್ದು ನನಗೆ ಬಹಳ ಹಿಡಿಸಿದ ಮಾತು. ‘ನಾನು ಯಾತಕ್ಕೂ ಬಾರದವನು’ ಎಂದು ಕೊರಗುವವನೂ ಇಡೀ ದಿನ ಯೋಚಿಸುವುದು ತನ್ನ ಬಗ್ಗೆಯೇ ಅಲ್ಲವೇ?

ಬಾಹುಬಲಿಯ ಕಥೆಯನ್ನೂ ನೆನಪಿಸಿಕೊಳ್ಳಿ. ಗೆದ್ದ ರಾಜ್ಯವನ್ನು ಅಣ್ಣ ಭರತನಿಗೇ ಬಿಟ್ಟು, ಒಂದು ವರ್ಷ ಅಲುಗದೆ ನಿಂತ. ಮೈಗೆ ಬಳ್ಳಿ ಹಬ್ಬಿತು, ಕಾಲ ಬಳಿ ಹುತ್ತ ಬೆಳೆಯಿತು. ಆದರೂ ಕೇವಲಜ್ಞಾನ, ಎಂದರೆ ಪರಿಪೂರ್ಣ ಅರಿವು, ದೊರೆಯಲಿಲ್ಲ. ‘ಭರತನ ನೆಲದ ಮೇಲೆ ನಿಂತಿದ್ದೇನೆ’ ಎಂಬ ಮುಳ್ಳು ಒಳಗೆ ಉಳಿದಿತ್ತು ಎಂದು ನಮ್ಮಲ್ಲಿ ಹೇಳುತ್ತಾರೆ. ಜೈನರಲ್ಲೇ ಇನ್ನೊಂದು ಪಂಥದವರಾದ ಶ್ವೇತಾಂಬರರು ಹೇಳುವ ಕಥೆಯಲ್ಲಿ ಆ ಮುಳ್ಳು ಬೇರೆ. ತನಗಿಂತ ಮೊದಲು ದೀಕ್ಷೆ ಪಡೆದ ತಮ್ಮಂದಿರಿಗೆ ಹಿರಿಯನಾದ ತಾನು ನಮಸ್ಕರಿಸಬೇಕಾಗುತ್ತದಲ್ಲ ಎಂಬ ಅಳುಕು. ಕೊನೆಗೆ ಸಹೋದರಿಯರಾದ ಬ್ರಾಹ್ಮಿ ಮತ್ತು ಸುಂದರಿ ಬಂದು, ಆನೆಯ ಮೇಲಿಂದ ಕೆಳಗೆ ಇಳಿ ಎನ್ನುತ್ತಾರೆ. ಬರಿಗಾಲಲ್ಲಿ ನೆಲದ ಮೇಲೆ ನಿಂತವನಿಗೆ! ತಮ್ಮಂದಿರ ಬಳಿಗೆ ಹೋಗಲೆಂದು ಅವನು ಹೆಜ್ಜೆ ಎತ್ತಿದಾಗ ಜ್ಞಾನವಾಯಿತು. ಒಂದು ವರ್ಷದ ತಪಸ್ಸಿಗೆ ಸಿಗದದ್ದು, ಕಿರಿಯರಿಗೆ ತಲೆಬಾಗಲು ಮನಸ್ಸು ಮಾಡಿದ ಕ್ಷಣದಲ್ಲಿ ಸಿಕ್ಕಿತು.

ನಿಮ್ಮ ಮೀಟಿಂಗಿನ ಆ ಹೊಸ ಹುಡುಗ ಸಾಮಾನ್ಯನಲ್ಲ. ನೀವು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಎಂಬುದನ್ನು ಅವನು ಬೆರಳಿಟ್ಟು ತೋರಿಸುತ್ತಿದ್ದಾನೆ.

ಇನ್ನು ಮಾಡಬೇಕಾದದ್ದು. ಅವನು ‘ತಪ್ಪು’ ಎಂದೊಡನೆ ನಿಮ್ಮ ದೇಹದಲ್ಲಿ ಮೊದಲು ಏನಾಗುತ್ತದೆ, ನೋಡಿಕೊಳ್ಳಿ. ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರಿಗೆ ದವಡೆ ಬಿಗಿಯುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ. ಮಾತು ಹೊರಡುವ ಮೊದಲೇ ದೇಹ ಈ ಸುದ್ದಿ ಕೊಟ್ಟಿರುತ್ತದೆ. ಬೆಳಿಗ್ಗೆ ಉಸಿರನ್ನು ನೋಡಿ ಪಳಗಿದವರಿಗೆ ಅದು ಬೇಗ ಗೊತ್ತಾಗುತ್ತದೆ, ಧ್ಯಾನ ಕೆಲಸಕ್ಕೆ ಬರುವುದು ಅಲ್ಲಿಯೇ. ಆಗ ಒಂದು ಉಸಿರು ಪೂರ್ತಿ ಹೊರಗೆ ಹೋಗಲಿ. ಆಮೇಲೆ ‘ಎಲ್ಲಿ ತಪ್ಪಿದೆ, ಸ್ವಲ್ಪ ಬಿಡಿಸಿ ಹೇಳು’ ಎನ್ನಿ. ಅವನು ಹೇಳಿ ಮುಗಿಸುವವರೆಗೆ ಉತ್ತರ ಹೊಸೆಯಬೇಡಿ. ಅವನು ಹೇಳಿದ್ದೇ ಸರಿಯಾಗಿದ್ದರೆ ಎಲ್ಲರ ಎದುರೇ ಒಪ್ಪಿಕೊಳ್ಳಿ, ಆಮೇಲೆ ಕೋಣೆಗೆ ಕರೆದು ಗುಟ್ಟಾಗಿ ಹೇಳುವುದು ಬೇಡ. ಅವನ ಮಾತೇ ತಪ್ಪಾಗಿದ್ದರೆ ಕಾರಣ ಕೊಟ್ಟು ತಿದ್ದಿ, ಅದರಲ್ಲಿ ಅಹಂಕಾರವೇನೂ ಇಲ್ಲ.

ರಾತ್ರಿ ಅದೇ ಮಾತು ಮತ್ತೆ ಕಾಡಿದರೆ, ರಮಣ ಮಹರ್ಷಿಗಳು ತೋರಿದ ವಿಚಾರದ ದಾರಿ ಹಿಡಿಯಿರಿ. ಈ ನೋವು ಆಗಿದ್ದು ಯಾರಿಗೆ? ನನಗೆ. ಆ ‘ನಾನು’ ಯಾರು? ಇದಕ್ಕೆ ಪದಗಳಲ್ಲಿ ಉತ್ತರ ಕಟ್ಟಬೇಡಿ, ಪ್ರಶ್ನೆಯ ಜೊತೆ ಸುಮ್ಮನೆ ಇರಿ. ಮುಖ್ಯಸ್ಥ ಎಂಬ ಹುದ್ದೆಗೆ ಪೆಟ್ಟಾಗಿದೆಯೋ, ಬುದ್ಧಿವಂತ ಎಂಬ ಹೆಸರಿಗೋ, ಧ್ಯಾನಿ ಎಂಬ ಹೊಸ ಬಿರುದಿಗೋ, ಕಾಣುತ್ತಾ ಹೋಗುತ್ತದೆ. ನಿಮ್ಮ ವಿಷಯದಲ್ಲಿ ಮೂರನೆಯದೇ ಇರಬಹುದೆಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ದಿನಕ್ಕೆ ಅರ್ಧ ಗಂಟೆ ಕೂತರೆ ಎಷ್ಟು ತಿಂಗಳಲ್ಲಿ ಅಹಂಕಾರ ಹೋಗುತ್ತದೆ?

ತಿಂಗಳ ಲೆಕ್ಕ ನನ್ನ ಬಳಿ ಇಲ್ಲ. ನಿಮ್ಮ ಪ್ರಗತಿ ತಿಳಿಯಬೇಕಾದರೆ ಮನೆಯವರನ್ನು ಕೇಳಿ, ಕೈಕೆಳಗಿನವರನ್ನು ಕೇಳಿ. ನಿಮಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಒಂದು ವಿಭಾಗದ ಮುಖ್ಯಸ್ಥೆ. ಖಡಾಖಂಡಿತವಾಗಿ ಮಾತಾಡಿದರೆ ‘ಆಕೆಗೆ ಜಂಬ’ ಎನ್ನುತ್ತಾರೆ. ಆಧ್ಯಾತ್ಮಿಕ ಪ್ರವಚನಗಳಲ್ಲಿ ‘ನಾನು ಎಂಬುದನ್ನು ಬಿಡಿ’ ಎಂದು ಕೇಳಿದಾಗೆಲ್ಲ ನನಗೇ ಹೇಳಿದಂತೆ ಅನ್ನಿಸಿ, ಇನ್ನಷ್ಟು ತಗ್ಗುತ್ತೇನೆ. ತಗ್ಗಿದಷ್ಟೂ ಜನ ತಲೆಯ ಮೇಲೆ ಕೂರುತ್ತಿದ್ದಾರೆ. ಏನು ಮಾಡಲಿ, ಅಮ್ಮಾ?

ತಗ್ಗುವುದನ್ನು ನಿಲ್ಲಿಸಿ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಅಹಂಕಾರ ಬಿಡಿ ಎಂಬ ಉಪದೇಶ ಕುರ್ಚಿಯಲ್ಲಿ ಕೂತವರನ್ನು ಮುಟ್ಟುವುದು ಕಡಿಮೆ, ಮೂಲೆಯಲ್ಲಿ ನಿಂತವರಿಗೆ ಬೇಗ ತಾಗಿಬಿಡುತ್ತದೆ. ಚಿಕ್ಕಂದಿನಿಂದ ‘ದನಿ ಎತ್ತಬೇಡ’ ಎಂದು ಕೇಳಿ ಬೆಳೆದ ಹೆಣ್ಣುಮಗಳಿಗೆ ಅದು ಆಧ್ಯಾತ್ಮ ಆಗಬೇಕಿಲ್ಲ, ಹಳೆಯ ಬೈಗುಳವೇ ಹೊಸ ದನಿಯಲ್ಲಿ ಬಂದಿರಬಹುದು. ಒಳಗಿನ ಸಿಟ್ಟು, ಗಾಯಗಳನ್ನು ನೋಡದೆ ಅವುಗಳ ಮೇಲೆ ಅಧ್ಯಾತ್ಮದ ಮಾತು ಹೊದಿಸುವುದನ್ನು ಜಾನ್ ವೆಲ್‌ವುಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲೇ ಗುರುತಿಸಿ ಎಚ್ಚರಿಸಿದ್ದರು.

ಒಂದು ನಿರ್ಧಾರದ ಬಗ್ಗೆ ಗಟ್ಟಿಯಾಗಿ ಮಾತಾಡುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ: ಇದೇ ನಿರ್ಧಾರವನ್ನು ಬೇರೊಬ್ಬರು ತೆಗೆದುಕೊಂಡು ಅವರಿಗೇ ಹೆಸರು ಬಂದಿದ್ದರೂ ನಾನು ಇಷ್ಟೇ ಗಟ್ಟಿಯಾಗಿ ಅದರ ಪರ ನಿಲ್ಲುತ್ತಿದ್ದೆನೇ? ಹೌದಾದರೆ ಧೈರ್ಯವಾಗಿ ಮಾತಾಡಿ, ಜಂಬ ಎಂದವರು ಎನ್ನಲಿ. ವಾರ್ಡಿನಲ್ಲಿ ರೋಗಿಗೆ ಬರೆದ ಔಷಧದ ಪ್ರಮಾಣ ಹೆಚ್ಚೆನಿಸಿದರೆ ನರ್ಸ್ ಆದವಳು ದೊಡ್ಡ ಡಾಕ್ಟರನ್ನೇ ತಡೆದು ಕೇಳಬೇಕು. ವಿನಯದಿಂದ ಸುಮ್ಮನಿದ್ದೆ ಎಂದರೆ ರೋಗಿ ಉಳಿಯುವುದಿಲ್ಲ. ನನ್ನ ಜೂನಿಯರ್ ಹುಡುಗಿಯರಿಗೆ ನಾನು ಮೊದಲು ಕಲಿಸುತ್ತಿದ್ದದ್ದೇ ಈ ತಡೆದು ಕೇಳುವುದನ್ನು. ದನಿ ನಡುಗಿದರೂ ಪರವಾಗಿಲ್ಲ, ಮಾತು ಪೂರ್ತಿ ಹೇಳಿ ಎನ್ನುತ್ತಿದ್ದೆ.

ಪ್ರಶ್ನೆ: ನನ್ನಲ್ಲಿ ಅಹಂಕಾರ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನನ್ನ ಸಂಸ್ಥೆಯಲ್ಲಿ ಯಾರೂ ದೂರು ಹೇಳುವುದಿಲ್ಲ. ಎಲ್ಲರೂ ನನ್ನನ್ನು ಒಪ್ಪುತ್ತಾರೆ.

ಎಲ್ಲರೂ ಒಪ್ಪುತ್ತಾರೆ ಎಂಬುದನ್ನು ಓದಿ ನನಗೆ ಗಾಬರಿಯಾಯಿತು. ಇದಕ್ಕೆ ನನ್ನದೇ ಕ್ಷೇತ್ರದಿಂದ ಒಂದು ಉದಾಹರಣೆ ಕೊಡುತ್ತೇನೆ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆಂದು ಅವರು ಎಣಿಸಿದ್ದರು. ಲೆಕ್ಕ ತೆಗೆದರೆ ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು! ಆಮೇಲೆ ಕಾರಣ ಹೊಳೆಯಿತು: ಆ ತಂಡಗಳಲ್ಲಿ ತಪ್ಪಾದರೆ ಹೇಳಲು ಹೆದರಿಕೆ ಇರಲಿಲ್ಲ. ಉಳಿದೆಡೆ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಹೆಡ್ ಆದವರ ಮುಖ ಹೇಗೆ ಬದಲಾಗುತ್ತದೆ ಎಂಬುದನ್ನು ಕೆಳಗಿನವರು ಚೆನ್ನಾಗಿ ಓದಿಕೊಂಡಿರುತ್ತಾರೆ.

ಇದರ ಬೆಲೆ ಎಷ್ಟಾಗಬಹುದು ಎಂಬುದಕ್ಕೆ 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಆದ ವಿಮಾನ ದುರಂತವನ್ನು ನೋಡಿ. ಮಂಜು ಕವಿದ ರನ್‌ವೇಯಲ್ಲಿ ಎರಡು ಬೋಯಿಂಗ್ 747ಗಳು ಡಿಕ್ಕಿಯಾಗಿ 583 ಜನ ಸತ್ತರು. ಕಾರಣಗಳು ಹಲವು, ರೇಡಿಯೊ ಸಂದೇಶಗಳೂ ಒಂದರ ಮೇಲೊಂದು ಬಂದು ಸರಿಯಾಗಿ ಕೇಳಿಸಿರಲಿಲ್ಲ. ಆದರೆ ಟೇಕ್‌ಆಫ್‌ಗೆ ಓಡುತ್ತಿದ್ದ ವಿಮಾನದ ಕಾಕ್‌ಪಿಟ್ಟಿನಲ್ಲಿ ಫ್ಲೈಟ್ ಎಂಜಿನಿಯರ್ ಒಬ್ಬರು, ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದ್ದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಚಿತ ದನಿಯಲ್ಲಿ ಹೇಳಿದರು. ಅವರು ಆ ವಿಮಾನ ಸಂಸ್ಥೆಯ ಅತ್ಯಂತ ಗೌರವಾನ್ವಿತ ಪೈಲಟ್‌ಗಳಲ್ಲೊಬ್ಬರು, ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವವರು. ಅವರ ಮಾತಿನ ಮೇಲೆ ಯಾರೂ ಮತ್ತೆ ಮಾತಾಡಲಿಲ್ಲ. ಇಂಥ ಅಪಘಾತಗಳ ನಂತರ, ಕಿರಿಯರು ಬಾಯಿ ಬಿಡುವುದನ್ನೂ ಹಿರಿಯರು ಕಿವಿಗೊಡುವುದನ್ನೂ ವಿಮಾನಯಾನದಲ್ಲಿ ಪಾಠವಾಗಿಯೇ ಕಲಿಸತೊಡಗಿದರು.

ಶಸ್ತ್ರಚಿಕಿತ್ಸೆಗೂ ಆ ಬುದ್ಧಿ ಬಂತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಆಪರೇಷನ್ ಥಿಯೇಟರಿನ ಚೆಕ್‌ಲಿಸ್ಟಿನಲ್ಲಿ ಒಂದು ಸಾಲಿದೆ: ಚರ್ಮಕ್ಕೆ ಕತ್ತಿ ತಾಗಿಸುವ ಮುಂಚೆ ಅಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು. ಒಮ್ಮೆ ಬಾಯಿ ತೆರೆದವರು ಆಮೇಲೆ ತಪ್ಪು ಕಂಡರೂ ಬಾಯಿ ತೆರೆಯುತ್ತಾರೆ. ಎಂಟು ಆಸ್ಪತ್ರೆಗಳಲ್ಲಿ ಆ ಚೆಕ್‌ಲಿಸ್ಟನ್ನು ಬಳಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೇರೆ ತಪಾಸಣೆಗಳೂ ಇದ್ದವು, ಎಲ್ಲ ಶ್ರೇಯಸ್ಸೂ ಆ ಒಂದು ಸಾಲಿಗೇ ಸಲ್ಲದು. ಆದರೆ ಆ ಸಾಲನ್ನು ಅಲ್ಲಿ ಸೇರಿಸಿದವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ನಮ್ಮ ವಾರ್ಡಿನಲ್ಲಿ ಶಿಫ್ಟ್ ಬದಲಾಗುವಾಗ ಎಲ್ಲರಿಗಿಂತ ಕಿರಿಯಳು ಮೊದಲು ಮಾತಾಡಬೇಕು, ನಾನು ಕೊನೆಗೆ ಮಾತಾಡಬೇಕು ಎಂದು ನಿಯಮ ಮಾಡಿಕೊಂಡಿದ್ದೆವು. ನಾನು ಮೊದಲು ಬಾಯಿ ಬಿಟ್ಟರೆ ಉಳಿದವರೆಲ್ಲ ‘ಹೌದು ಸಿಸ್ಟರ್’ ಅಷ್ಟೇ. ನಿಮ್ಮಲ್ಲೂ ಮಾಡಿ ನೋಡಿ. ‘ಏನಾದರೂ ಹೇಳುವುದಿದೆಯಾ?’ ಎಂದು ಕೇಳಿದರೆ ‘ಏನೂ ಇಲ್ಲ’ ಎಂದೇ ಉತ್ತರ ಬರುತ್ತದೆ. ‘ಈ ಯೋಜನೆ ಆರು ತಿಂಗಳಲ್ಲಿ ಮುಗ್ಗರಿಸಿತು ಎಂದುಕೊಳ್ಳಿ, ಏನು ಕಾರಣವಿರಬಹುದು?’ ಎಂದು ಕೇಳಿ, ಎಲ್ಲರೂ ಬರೆದುಕೊಡಲಿ. ಚೀಟಿಗಳನ್ನು ಓದುವ ಮುಂಚೆ ಐದು ನಿಮಿಷ ಕಣ್ಣು ಮುಚ್ಚಿ ಕೂರಿ. ಓದಿದ ಮೇಲೆ ‘ಇದನ್ನು ಬರೆದವರು ಯಾರು?’ ಎಂಬ ಪ್ರಶ್ನೆ ನಿಮ್ಮೊಳಗೆ ಎಷ್ಟು ಜೋರಾಗಿ ಏಳುತ್ತದೆಯೋ, ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಸಿಗುತ್ತದೆ.

ಪ್ರಶ್ನೆ: ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತನಾದೆ. ಈಗ ಫೋನ್ ಬರುವುದಿಲ್ಲ, ಯಾರೂ ಎದ್ದು ನಿಲ್ಲುವುದಿಲ್ಲ. ಧ್ಯಾನಕ್ಕೆ ಕೂತರೂ ಹಳೆಯ ಚೇಂಬರೇ ಕಣ್ಣೆದುರು ಬರುತ್ತದೆ. ಈ ವಯಸ್ಸಿನಲ್ಲಿ ಬಿಡುವುದು ಸಾಧ್ಯವೇ?

ಸಾಧ್ಯ. ಬಿಡಿಸುವ ಕೆಲಸವನ್ನು ಕಾಲವೇ ಅರ್ಧ ಮಾಡಿಕೊಟ್ಟಿದೆ, ಅದು ನೋಯುತ್ತಿದೆ ಅಷ್ಟೇ.

ಬಾಹುಬಲಿಯ ಅಣ್ಣ ಭರತ ಚಕ್ರವರ್ತಿ ಆರು ಖಂಡಗಳನ್ನೂ ಗೆದ್ದು, ತನ್ನ ಹೆಸರು ಕೆತ್ತಿಸಲೆಂದು ವೃಷಭಾಚಲಕ್ಕೆ ಹೋಗುತ್ತಾನೆ. ನೋಡಿದರೆ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳು. ಕೊನೆಗೆ ಒಂದು ಹೆಸರನ್ನು ಅಳಿಸಿ ಆ ಜಾಗದಲ್ಲಿ ತನ್ನದನ್ನು ಬರೆಸಬೇಕಾಗುತ್ತದೆ. ನಿಮ್ಮ ಚೇಂಬರಿನ ಬಾಗಿಲಲ್ಲಿ ನಿಮ್ಮ ಫಲಕ ಬಂದದ್ದೂ ಇನ್ನೊಬ್ಬರದನ್ನು ಬಿಚ್ಚಿದ ಮೇಲೆ. ಆ ದಿನ ಅವರಿಗೆ ಹೇಗಾಗಿರಬಹುದು ಎಂದು ಯೋಚಿಸಿದ್ದೀರಾ? ಅವರು ಇದ್ದರೆ ಒಮ್ಮೆ ಹೋಗಿ ಮಾತಾಡಿಸಿ ಬನ್ನಿ. ನಿಮ್ಮ ಸಂಕಟ ಇಬ್ಬರದೂ ಆದಾಗ ಅದರ ಭಾರ ಬೇರೆಯಾಗುತ್ತದೆ.

ಧ್ಯಾನದಲ್ಲಿ ಚೇಂಬರು ಬಂದರೆ ಓಡಿಸಬೇಡಿ. ಮೇಜು, ಕುರ್ಚಿ, ಬೆಲ್ಲು, ಎಲ್ಲವನ್ನೂ ಬರಲು ಬಿಡಿ. ಅದನ್ನೆಲ್ಲ ನೋಡುತ್ತಿರುವವರು ನಿವೃತ್ತರಾಗಿಲ್ಲ ಎಂಬುದು ನಿಧಾನವಾಗಿ ತಿಳಿಯುತ್ತದೆ. ಇದು ಒಂದೆರಡು ಸಲಕ್ಕೆ ಆಗುವಂಥದ್ದಲ್ಲ.

ಜೊತೆಗೆ, ನಿಮ್ಮ ಹುದ್ದೆ ಯಾರಿಗೂ ಗೊತ್ತಿಲ್ಲದ ಕಡೆ ಒಂದು ಕೆಲಸ ಹಿಡಿಯಿರಿ. ಓದು ಬರಹ ಬಾರದವರಿಗೆ ಬ್ಯಾಂಕಿನ ಅರ್ಜಿ ತುಂಬಿಕೊಡುವುದು ನಿಮಗೆ ಚೆನ್ನಾಗಿ ಒಗ್ಗುತ್ತದೆ. ಹಿಂದೆ ಏನು ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ ‘ಬ್ಯಾಂಕಿನಲ್ಲಿದ್ದೆ’ ಎಂದರೆ ಸಾಕು, ಹುದ್ದೆಯ ಹೆಸರು ಬೇಡ. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡಾಗ ಎದೆಯಲ್ಲಿ ಏನಾಯಿತು ಎಂಬುದನ್ನು ಗಮನಿಸಿ. ಕೆಲವು ವಾರ ಕಳೆದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.