ದುಬೈಗೆ ಹೋದವನನ್ನು ಕರೆತರೋಕೆ ಎಷ್ಟು ದಿನ ಬೇಕು?

ಪ್ರಶ್ನೆ: ನಾನು ರೇಷ್ಮೆ ರೀಲರ್. ನಮ್ಮ ಬೀದಿಯಲ್ಲೇ ಚೀಟಿ ನಡೆಸುತ್ತಿದ್ದವನು 23 ಜನರ ದುಡ್ಡು ತಗೊಂಡು ದುಬೈಗೆ ಹೋಗಿಬಿಟ್ಟ. ನನ್ನದೇ 4 ಲಕ್ಷ. ದೂರು ಕೊಟ್ಟು ಎಂಟು ತಿಂಗಳಾಯಿತು. ರೆಡ್ ಕಾರ್ನರ್ ನೋಟಿಸ್ ಹೊರಟರೆ ತಾನೇ ಸಿಕ್ಕಿಬೀಳ್ತಾನೆ ಅಂತಾರೆ. ಎಷ್ಟು ದಿನ ಕಾಯಬೇಕು ಸರ್?
– ಒಬ್ಬ ಓದುಗರು, ಶಿಡ್ಲಘಟ್ಟ

ಉತ್ತರ: ಇಷ್ಟೇ ದಿನ ಅನ್ನೋ ಗಡುವು ಇಲ್ಲ. ಭೂಗತ ಪಾತಕಿ ರವಿ ಪೂಜಾರಿ ಆಫ್ರಿಕಾದ ಸೆನೆಗಲ್‌ನಲ್ಲಿ ಸಿಕ್ಕಿದ್ದು 2019ರ ಜನವರಿಯಲ್ಲಿ, ಬೆಂಗಳೂರಿಗೆ ಬಂದಿದ್ದು 2020ರ ಫೆಬ್ರುವರಿಯಲ್ಲಿ. ಮುಂಬೈ ಸ್ಫೋಟ ಕೇಸಿನ ಅಬು ಸಲೇಂ ಪೋರ್ಚುಗಲ್‌ನಲ್ಲಿ ಸಿಕ್ಕ ಮೇಲೆ ಕರೆತರೋಕೆ ಮೂರು ವರ್ಷ ಹಿಡಿಯಿತು. ಉದ್ಯಮಿ ವಿಜಯ್ ಮಲ್ಯರನ್ನು ಭಾರತಕ್ಕೆ ಒಪ್ಪಿಸಬಹುದು ಅಂತ ಲಂಡನ್ ಕೋರ್ಟ್ ಹೇಳಿದ್ದು 2018ರ ಡಿಸೆಂಬರ್‌ನಲ್ಲಿ, ಇನ್ನೂ ಬಂದಿಲ್ಲ.

ರೆಡ್ ನೋಟಿಸ್ ಅಂದರೆ ವಾರಂಟ್ ಅಲ್ಲ. ಈ ಆಸಾಮಿಯನ್ನು ಹುಡುಕಿ ಅಂತ ದೇಶದೇಶಗಳ ಪೊಲೀಸರ ಒಕ್ಕೂಟವಾದ ಇಂಟರ್‌ಪೋಲ್ ಮೂಲಕ ಬೇರೆ ದೇಶಗಳಿಗೆ ಹೋಗೋ ಕಾಗದ ಅಷ್ಟೇ, ಹಿಡಿಯೋದು ಬಿಡೋದು ಆ ದೇಶದ ಕಾನೂನಿಗೆ ಸೇರಿದ್ದು. ದುಬೈ ಇರೋ ಯುಎಇ ಜೊತೆ ನಮಗೆ 1999ರ ಹಸ್ತಾಂತರ ಒಪ್ಪಂದ (ಆರೋಪಿಗಳನ್ನು ಒಪ್ಪಿಸೋ ಕರಾರು) ಇದೆ, ಅದು ನಿಮ್ಮ ಪಾಲಿಗೆ ಒಳ್ಳೇದು. ಆದರೆ ಮೊದಲು ಇಲ್ಲಿ ಚಾರ್ಜ್‌ಶೀಟ್ ಆಗಬೇಕು, ಕೋರ್ಟ್ ವಾರಂಟ್ ಕೊಡಬೇಕು. ಆಮೇಲೆ ಫೈಲು ರಾಜ್ಯ ಗೃಹ ಇಲಾಖೆ, ಕೇಂದ್ರ ಗೃಹ ಸಚಿವಾಲಯ, ವಿದೇಶಾಂಗ ಸಚಿವಾಲಯ ದಾಟಿ ಅಲ್ಲಿಗೆ ಹೋಗಿ, ಅಲ್ಲಿನ ಕೋರ್ಟ್ ಒಪ್ಪಬೇಕು. ಹಾಗಾಗಿ ಠಾಣೆಯಲ್ಲಿ ನೋಟಿಸ್ ಬಗ್ಗೆ ಕೇಳೋದು ಬಿಟ್ಟು, ಚಾರ್ಜ್‌ಶೀಟ್ ಯಾವಾಗ ಅಂತ ಕೇಳಿ. ಅವನ ಪಾಸ್‌ಪೋರ್ಟ್ ರದ್ದು ಮಾಡಿಸೋಕೂ ಒತ್ತಾಯಿಸಿ. ರದ್ದಾದರೆ ಅಲ್ಲಿಯವರೇ ಗಡೀಪಾರು ಮಾಡಬಹುದು, ಆ ದಾರಿ ಒಮ್ಮೊಮ್ಮೆ ಬೇಗ ಆಗುತ್ತೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಯಾವ ಕೇಸಿಗೆ ಅಂತ ಕರೆಸಿಕೊಂಡರೋ ಸಾಮಾನ್ಯವಾಗಿ ಆ ಕೇಸನ್ನಷ್ಟೇ ನಡೆಸಬಹುದು. 23 ಜನರಲ್ಲಿ ಐದೇ ಜನ ದೂರು ಕೊಟ್ಟಿದ್ದರೆ ಉಳಿದವರು ಆಮೇಲೆ ಪರದಾಡಬೇಕಾಗುತ್ತೆ. ಎಲ್ಲರೂ ಈಗಲೇ ಹೇಳಿಕೆ ಕೊಡಿ. ತಿಂಗಳು ತಿಂಗಳು ಅವನು ಸಹಿ ಹಾಕಿಕೊಟ್ಟ ಚೀಟಿ ಪುಸ್ತಕ, ಫೋನ್‌ಪೇ ಕಳಿಸಿದ ಸ್ಕ್ರೀನ್‌ಶಾಟ್, ವಾಟ್ಸಾಪ್‌ನಲ್ಲಿ 'ಮುಂದಿನ ವಾರ ಕೊಡ್ತೀನಿ' ಅಂದಿದ್ದು, ಒಂದನ್ನೂ ಅಳಿಸಬೇಡಿ.

ಅವನು ಬಂದ ಮಾತ್ರಕ್ಕೆ ದುಡ್ಡು ಬರಲ್ಲ. ನಿಮ್ಮ ದುಡ್ಡಲ್ಲಿ ಅವನು ಸೈಟು, ಮನೆ ಮಾಡಿದ್ದರೆ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನು) 107ನೇ ಕಲಂ ಪ್ರಕಾರ ಜಪ್ತಿಗೆ ಕೋರ್ಟ್‌ನಲ್ಲಿ ಅರ್ಜಿ ಹಾಕುವಂತೆ ತನಿಖಾಧಿಕಾರಿಗೆ ಬರೆದುಕೊಡಿ. ಅವನು ದುಬೈನಲ್ಲಿದ್ದರೂ ಈ ಕೆಲಸ ನಡೆಯುತ್ತೆ. ಅರ್ಜಿ ಕೊಟ್ಟಾಗ ಸ್ವೀಕೃತಿ ತಗೊಳ್ಳೋದು ಮರೀಬೇಡಿ.