ಗೆಳತಿಗಾಗಿ ಆಡಿಷನ್ ಬಿಟ್ಟುಬಿಡಲೇ?

ಪ್ರಶ್ನೆ: ಕಾಲೇಜಿನ ದೊಡ್ಡ ಸಮೂಹಗಾನ ತಂಡದಲ್ಲಿ, ಅಂದರೆ ಕ್ವೈರ್‌ನಲ್ಲಿ ಎರಡು ವರ್ಷದಿಂದ ಆಲ್ಟೊ (ಹೆಂಗಸರ ತಗ್ಗಿನ ದನಿ) ಹಾಡುತ್ತಿದ್ದೇನೆ. ಹೋದ ವರ್ಷ ಆಯ್ದ ಕೆಲವರ ಸಣ್ಣ ತಂಡವಾದ ಚೇಂಬರ್ ಕ್ವೈರ್‌ಗೆ ಆಡಿಷನ್ ಕೊಟ್ಟೆ. ಕಲಿತು ಹೋಗಿದ್ದ ಹಾಡು ಚೆನ್ನಾಗಿಯೇ ಬಂತು. ಸೈಟ್ ರೀಡಿಂಗ್‌ಗೆ (ಮೊದಲು ಕಾಣದ ಸ್ವರಲಿಪಿಯನ್ನು ನೋಡುತ್ತಲೇ ಹಾಡುವುದು) ಹೊಸ ಹಾಳೆ ಕೈಗೆ ಕೊಟ್ಟಾಗ ಮೂರನೇ ಸ್ವರಕ್ಕೇ ನಿಂತುಬಿಟ್ಟೆ. ಆಯ್ಕೆಯಾಗಲಿಲ್ಲ. ಈ ಸಲ ಆಲ್ಟೊದಲ್ಲಿ ಇರುವುದು ಒಂದೇ ಜಾಗ. ನಾನೇ ಹುರಿದುಂಬಿಸಿ ಹಾಡಲು ಕರೆತಂದ ರೂಮ್‌ಮೇಟ್ ಕೂಡ ಅದಕ್ಕೇ ಹೆಸರು ಕೊಟ್ಟಿದ್ದಾಳೆ. ಅವಳು ನೊಟೇಶನ್ನನ್ನು ಪೇಪರ್ ಓದಿದ ಹಾಗೆ ಓದುತ್ತಾಳೆ. ಗಂಟಲು ಕೆಟ್ಟಿದೆ ಎಂದು ಹೇಳಿ ಹಿಂದೆ ಸರಿದರೆ ಅವಳಿಗೂ ದಾರಿ ಬಿಟ್ಟಂತಾಗುತ್ತದೆ, ನನಗೂ ಅವಮಾನ ತಪ್ಪುತ್ತದೆ. ಹಾಗೆ ಮಾಡಲೇ?

ಉತ್ತರ: ನಿಮ್ಮ ಪತ್ರದ ಕೊನೆಯ ಭಾಗವನ್ನು ಎರಡು ಮೂರು ಸಲ ಓದಿದೆ. ಗೆಳತಿಗೆ ದಾರಿ ಬಿಡುವುದನ್ನೂ ನಿಮ್ಮ ಅವಮಾನ ತಪ್ಪುವುದನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮನ್ನು ಕಾಡುತ್ತಿರುವುದು ಎರಡನೆಯದೇ ಅನಿಸುತ್ತದೆ. ಹೆದರಿಕೆಗೆ ತ್ಯಾಗ ಎಂದು ಹೆಸರಿಟ್ಟರೆ ಆ ಸಾಲ ಗೆಳತಿಯ ಲೆಕ್ಕಕ್ಕೆ ಬೀಳುತ್ತದೆ. ಅವಳು ವೇದಿಕೆ ಹತ್ತಿದಾಗಲೆಲ್ಲ ‘ನಾನು ಬಿಟ್ಟುಕೊಟ್ಟ ಜಾಗ’ ಎಂದು ನಿಮ್ಮ ಮನಸ್ಸು ಚುಚ್ಚುತ್ತದೆ. ಪಾಪ, ಸಾಲ ಮಾಡಿದ್ದೇ ಅವಳಿಗೆ ಗೊತ್ತಿರುವುದಿಲ್ಲ.

ಅಲ್ಲದೆ, ನೀವು ಸರಿದರೆ ಜಾಗ ಅವಳಿಗೇ ಎಂದು ಯಾರು ಹೇಳಿದರು? ಚೇಂಬರ್ ಕ್ವೈರ್‌ನಲ್ಲಿ ಸಾಮಾನ್ಯವಾಗಿ 20ರ ಆಸುಪಾಸು ಜನ, ಅಂದರೆ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಎಂದು ಮೇಲಿನಿಂದ ಕೆಳಕ್ಕೆ ಇಳಿಯುವ ನಾಲ್ಕು ದನಿಗಳಲ್ಲಿ ಒಂದೊಂದಕ್ಕೂ ಐದಾರು ಕಂಠ. ಅಷ್ಟು ಸಣ್ಣ ಗುಂಪಿನಲ್ಲಿ ಯಾವ ದನಿಯೂ ಮರೆಯಾಗದು. ಹಾಗಾಗಿ ನಿರ್ದೇಶಕರ ಕಿವಿ ಈಗಾಗಲೇ ಇರುವವರ ಜೊತೆ ಬೆರೆಯುವ ದನಿಯನ್ನು ಹುಡುಕುತ್ತಿರುತ್ತದೆ. ಮಧ್ಯದ ಸಿ ಸ್ವರಕ್ಕಿಂತ ಕೆಳಗಿನ ಜಿಯಂಥ ತಗ್ಗಿನ ಸ್ವರವನ್ನು ತುಂಬಿದ ದನಿಯಲ್ಲಿ ಹಿಡಿಯುವವರು ಬೇಕಾಗಿರಬಹುದು, ಕಂಪನ ಕಡಿಮೆ ಇರುವ ತೆಳು ಕಂಠ ಬೇಕಾಗಿರಬಹುದು. ಎಷ್ಟೋ ಕಡೆ ಎರಡನೇ ಸುತ್ತಿನಲ್ಲಿ ನಾಲ್ವರನ್ನು ಒಟ್ಟಿಗೆ ಹಾಡಿಸಿ ನೋಡುವುದು ಇದಕ್ಕೇ. ಆ ತೀರ್ಪು ಅವರದು, ಅದನ್ನು ಮನೆಯಲ್ಲಿ ಕೂತು ನೀವು ಬರೆಯಬೇಡಿ. ಗಂಟಲಿನ ಸುಳ್ಳಂತೂ ಬೇಡವೇ ಬೇಡ. ಮುಂದೆ ನಿಜಕ್ಕೂ ಗಂಟಲು ಕೆಟ್ಟಾಗ ನಿಮ್ಮ ಮಾತು ನಂಬಬೇಕಾದವರು ಅವರೇ.

ಈಗ ಆ ಮೂರನೇ ಸ್ವರದ ಮಾತು. ಕಾಣದ ಹಾಡನ್ನು ಹಾಡಲಾಗದೆ ತಡವರಿಸುವುದು ನಿಮ್ಮೊಬ್ಬರ ಕೊರತೆಯಲ್ಲ. 11ನೇ ಶತಮಾನದಲ್ಲಿ ಇಟಲಿಯ ಗ್ವೀಡೊ ಎಂಬ ಸನ್ಯಾಸಿ ಉತ್, ರೆ, ಮಿ ಎಂಬ ಪಾಠಕ್ರಮ ಕಟ್ಟಿದ್ದು ಇಂಥ ಗಾಯಕರಿಗಾಗಿಯೇ. ಇದು ಕಲಿತು ಬರುವ ವಿದ್ಯೆ. ಹಾಳೆ ಕೈಗೆ ಬಂದಾಗ ನೋಡಿಕೊಳ್ಳಲು ಕೊಡುವ ಅರ್ಧ ನಿಮಿಷದಲ್ಲಿ ಸ್ವರಗಳನ್ನು ಒಂದೊಂದಾಗಿ ಎಣಿಸಬೇಡಿ. ಶ್ರುತಿ ಯಾವುದು, ತಾಳ ಎಷ್ಟು, ದೊಡ್ಡ ಜಿಗಿತ ಎಲ್ಲಿದೆ, ಇಷ್ಟು ನೋಡಿ. ಡೊ-ಮಿ-ಸೊಲ್ (ನಮ್ಮ ಸ-ಗ-ಪ ಇದ್ದ ಹಾಗೆ) ಅನ್ನು ಮೆಲ್ಲಗೆ ಗುನುಗಿಕೊಳ್ಳಿ. ಶುರು ಮಾಡಿದ ಮೇಲೆ ಸ್ವರ ತಪ್ಪಿದರೂ ತಾಳ ಬಿಡಬೇಡಿ. ಹೋದ ವರ್ಷ ನಿಮಗೆ ಮುಳುವಾದದ್ದು ತಪ್ಪು ಸ್ವರಕ್ಕಿಂತ ಹೆಚ್ಚಾಗಿ ನಿಂತದ್ದೇ ಇರಬೇಕು. ತಪ್ಪಿ ಮತ್ತೆ ಸಾಲಿಗೆ ಸೇರಿಕೊಳ್ಳುವವರನ್ನು ಗುಂಪು ಹೊತ್ತುಕೊಂಡು ಹೋಗಬಲ್ಲದು.

ಅಭ್ಯಾಸಕ್ಕೆ ಚರ್ಚಿನ ಸ್ತೋತ್ರಗೀತೆಗಳಾದ ನಾಲ್ಕು ದನಿಯ ಕೋರಲ್‌ಗಳಲ್ಲಿ ಆಲ್ಟೊ ಸಾಲನ್ನೇ ತೆಗೆದುಕೊಳ್ಳಿ. ಮೇಲಿನ ರಾಗವಾದರೆ ಕಿವಿಗೆ ಮೊದಲೇ ಪರಿಚಯವಿರುತ್ತದೆ, ಒಳಗಿನ ಸಾಲನ್ನು ಊಹಿಸಲಾಗದು, ಓದಲೇಬೇಕು. ಒಂದು ಸಾಲನ್ನು ಒಂದೇ ಸಲ ಹಾಡಿ ಪುಟ ತಿರುಗಿಸಿ. ಎರಡನೇ ಸಲ ಹಾಡಿದರೆ ಅದು ನೆನಪಿನ ಕೆಲಸವಾಗುತ್ತದೆ.

ಇದನ್ನೆಲ್ಲ ಕಲಿಸಬಲ್ಲವರು ನಿಮ್ಮ ಕೋಣೆಯಲ್ಲೇ ಇದ್ದಾರಲ್ಲ! ಇವತ್ತೇ ಅವಳಿಗೆ ಹೇಳಿ: ‘ನಾನೂ ಆಡಿಷನ್‌ಗೆ ಬರುತ್ತಿದ್ದೇನೆ, ಹೆದರಿಕೆಯಾಗುತ್ತಿದೆ, ದಿನಕ್ಕೆ ಹತ್ತು ನಿಮಿಷ ನನ್ನ ಜೊತೆ ಓದುತ್ತೀಯಾ?’ ಅವಳು ಸೊಪ್ರಾನೊ ಸಾಲು ಹಾಡಲಿ, ನೀವು ಆಲ್ಟೊ ಹಿಡಿಯಿರಿ, ಮರುದಿನ ಅದಲುಬದಲು ಮಾಡಿಕೊಳ್ಳಿ. ಜಾಗ ಒಂದೇ ಆದ್ದರಿಂದ ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ ನೋವಾಗುತ್ತದೆ, ಅದನ್ನು ಮುಚ್ಚಿಡಲಾರೆ. ಆದ್ದರಿಂದ ಫಲಿತಾಂಶದ ಪಟ್ಟಿಯನ್ನು ಬೇರೆ ಬೇರೆಯಾಗಿ ನೋಡುವುದೆಂದು ಈಗಲೇ ಮಾತಾಡಿಕೊಳ್ಳಿ. ಅಳಬೇಕೆನಿಸಿದವರು ಅತ್ತು, ಕುಣಿಯಬೇಕೆನಿಸಿದವರು ಕುಣಿದು, ಸಂಜೆ ಕೋಣೆಯಲ್ಲಿ ಸಿಗಿ.